ಕಡಲನ್ನು ಮನೆಗೆ ತಂದ ಫಿಲಿಪ್ ಗಾಸ್

ಗಾಜಿನ ತೊಟ್ಟಿಯೊಳಗೆ ಮೀನುಗಳು ಈಜಾಡುವುದನ್ನು ನೋಡದವರು ಇಂದು ವಿರಳ. ಇಂತಹ ತೊಟ್ಟಿಯನ್ನು ಅಕ್ವೇರಿಯಂ ಎಂದು ಕರೆಯುವುದು ನಮಗೆಲ್ಲ ರೂಢಿಯಾಗಿದೆ. ಈ ಲ್ಯಾಟಿನ್ ಶಬ್ದಕ್ಕೆ ಮೊದಲಿದ್ದ ಅರ್ಥ ದನಕರುಗಳು ನೀರು ಕುಡಿಯುವ ತಾಣ ಎಂದು. ಅನಂತರ ಸಸ್ಯಶಾಸ್ತ್ರಜ್ಞರು ನೀರುಗಿಡಗಳನ್ನು ಬೆಳೆಸುವ ತೊಟ್ಟಿಗೆ ಆ ಹೆಸರನ್ನು ಬಳಸಿದರು. ಜಲಚರಗಳೂ ಸಸ್ಯಗಳೂ ಕೂಡಿ ಬಾಳುವ ಗಾಜಿನ ಮನೆಗೆ ಅದೇ ಹೆಸರು ಸಾಕೆಂದು ನಿಶ್ಚಯಿಸಿ, ತನ್ನ ಗ್ರಂಥದ ಮೂಲಕ ಅದನ್ನು ಲೋಕದ ಬಾಯಲ್ಲಿ ನಿಲ್ಲಿಸಿದವನು ಇಂಗ್ಲೆಂಡಿನ ಪ್ರಕೃತಿವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್. ಹೆಸರಿಡುವುದು ಸುಲಭದ ಕೆಲಸ. ಆ ಹೆಸರಿಗೆ ತಕ್ಕಂತೆ ಒಂದು ತುಂಡು ಕಡಲನ್ನು ಊರ ನಡುವಿನ ಕೋಣೆಯಲ್ಲಿ ಕೆಡದಂತೆ ಉಳಿಸಿಕೊಳ್ಳುವುದಕ್ಕೆ ಅವನು ಪಟ್ಟ ಪಾಡು ಬೇರೆಯದೇ.

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ವೂಸ್ಟರ್ ನಗರದಲ್ಲಿ. ತಂದೆ ಊರೂರು ಅಲೆದು ಜನರ ಚಿಕ್ಕ ಚಿಕ್ಕ ಭಾವಚಿತ್ರಗಳನ್ನು ಬರೆದುಕೊಡುತ್ತಿದ್ದ ಕಲಾವಿದ. ಸಂಪಾದನೆ ಅಷ್ಟಕ್ಕಷ್ಟೆ. ಮಗನಿಗೆ ತಂದೆಯಿಂದ ಬಂದ ಆಸ್ತಿಯೆಂದರೆ ಕುಂಚ ಹಿಡಿಯುವ ಕೈ ಮತ್ತು ಅತಿ ಸಣ್ಣದನ್ನೂ ಬಿಡದೆ ನೋಡುವ ಕಣ್ಣು. ಬಾಲ್ಯವೆಲ್ಲ ಕಳೆದದ್ದು ಪೂಲ್ ಎಂಬ ಬಂದರಿನಲ್ಲಿ. ಅಲ್ಲಿ ಸೂಸನ್ ಬೆಲ್ ಎಂಬ ಸೋದರತ್ತೆ ಅವನಿಗೆ ಚಿತ್ರ ಬರೆಯುವುದನ್ನು ಕಲಿಸಿ, ಪ್ರಾಣಿಗಳ ಲೋಕದ ಬಾಗಿಲನ್ನು ತೆರೆದಳು.

ಬಡತನದಿಂದಾಗಿ ಓದು ಬೇಗ ನಿಂತಿತು. ಹದಿನೈದನೆಯ ವಯಸ್ಸಿಗೆ ವ್ಯಾಪಾರಿಯೊಬ್ಬನ ಲೆಕ್ಕದ ಕೋಣೆಯಲ್ಲಿ ಗುಮಾಸ್ತನಾದ. 1827ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ, ನ್ಯೂಫೌಂಡ್‌ಲೆಂಡಿನ ಕಾರ್ಬನಿಯರ್ ಎಂಬ ಊರಿನಲ್ಲಿ ಅದೇ ಕೆಲಸಕ್ಕೆ ಸೇರಿದ. ಹಗಲೆಲ್ಲ ಜಮಾಖರ್ಚು ಬರೆಯುವುದು. ಬಿಡುವಾದಾಗ ಕೀಟಗಳನ್ನು ಹಿಡಿದು, ನೋಡಿ, ಅವುಗಳ ಚಿತ್ರವನ್ನು ಬರೆಯುವುದು. 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಒಂದು ಹಳೆಯ ಪುಸ್ತಕವನ್ನು ಕೊಂಡುಕೊಂಡದ್ದೇ ಅವನ ಬದುಕಿನ ತಿರುವಾಯಿತು. ಅಲ್ಲಿಂದ ಮುಂದೆ ಕೆನಡಾದಲ್ಲಿ ಮೂರು ವರ್ಷ ಬೇಸಾಯ ಮಾಡಿ ಕೈಸುಟ್ಟುಕೊಂಡ. ಅಮೆರಿಕದ ಅಲಬಾಮದಲ್ಲಿ ಕೆಲವು ತಿಂಗಳು ಉಪಾಧ್ಯಾಯನಾಗಿದ್ದು, 1839ರಲ್ಲಿ ಬರಿಗೈಯಲ್ಲಿ ಇಂಗ್ಲೆಂಡಿಗೆ ಮರಳಿದ. ಬರಿಗೈ ಎನ್ನುವುದು ಹಣದ ಮಾತು. ಅವನ ಪೆಟ್ಟಿಗೆಯಲ್ಲಿ ಟಿಪ್ಪಣಿಗಳೂ ಚಿತ್ರಗಳೂ ತುಂಬಿದ್ದವು. ಕೆನಡಾದ ಪ್ರಕೃತಿಯನ್ನು ಕುರಿತ ಪುಸ್ತಕ ಮರುವರ್ಷವೇ ಅಚ್ಚಾಯಿತು. 1844ರಿಂದ 1846ರವರೆಗೆ ಜಮೈಕಾ ದ್ವೀಪದಲ್ಲಿದ್ದು ಅಲ್ಲಿನ ಹಕ್ಕಿಗಳನ್ನು ಅಭ್ಯಾಸಮಾಡಿದ ಮೇಲೆ ವಿದ್ವಾಂಸರ ನಡುವೆ ಅವನ ಹೆಸರು ಕೇಳಿಬರತೊಡಗಿತು.

1848ರಲ್ಲಿ ಎಮಿಲಿ ಬೋಸ್ ಎಂಬ ವಿದ್ಯಾವಂತೆಯನ್ನು ಮದುವೆಯಾದ. ಮರುವರ್ಷದ ಸೆಪ್ಟೆಂಬರಿನಲ್ಲಿ ಮಗ ಎಡ್ಮಂಡ್ ಹುಟ್ಟಿದ. ಆ ದಿನದ ದಿನಚರಿಯಲ್ಲಿ ಗಾಸ್ ಮಗನ ಜನನವನ್ನೂ, ಜಮೈಕಾದಿಂದ ಒಂದು ಹಸಿರು ಬಾನಾಡಿ ಹಕ್ಕಿ ಬಂದು ತಲುಪಿದ್ದನ್ನೂ ಒಟ್ಟಿಗೆ ದಾಖಲಿಸಿದ್ದಾನೆ. ಇದನ್ನು ಓದಿ ನಕ್ಕವರು ಹಲವರು. ಆದರೆ ಅದು ಕಲ್ಲೆದೆಯ ಗುರುತಲ್ಲ. ದಿನದ ಲೆಕ್ಕವನ್ನು ದಿನವೇ ಬರೆದಿಡುವ ಗುಮಾಸ್ತನ ಶಿಸ್ತು ಅದು. ಆ ಶಿಸ್ತೇ ಮುಂದೆ ಅವನ ಕೈಹಿಡಿಯಿತು.

ಬಿಡುವಿಲ್ಲದ ಬರವಣಿಗೆಯಿಂದ ಆರೋಗ್ಯ ಕೆಟ್ಟು, 1852ರ ಆರಂಭದಲ್ಲಿ ಗಾಸ್ ಸಂಸಾರಸಹಿತ ಲಂಡನ್ನನ್ನು ಬಿಟ್ಟು ಡೆವನ್ ಪ್ರಾಂತದ ಕಡಲ ತೀರಕ್ಕೆ ಹೋದ. ಇಳಿತದ ವೇಳೆಯಲ್ಲಿ ನೀರು ಹಿಂದೆ ಸರಿದಾಗ ಬಂಡೆಗಳ ನಡುವೆ ಚಿಕ್ಕ ಚಿಕ್ಕ ಕೊಳಗಳು ಉಳಿಯುತ್ತವೆ. ಅವುಗಳಲ್ಲಿ ಹೂವಿನಂತೆ ಅರಳಿ ಮುಟ್ಟಿದೊಡನೆ ಮುದುಡುವ ಅನೆಮೊನಿ ಎಂಬ ಪ್ರಾಣಿಗಳು, ಏಡಿ, ಸೀಗಡಿ, ನಕ್ಷತ್ರಮೀನು, ಹಸಿರು ಕೆಂಪು ಬಣ್ಣದ ಕಡಲ ಪಾಚಿಗಳು. ಗಾಸ್ ಸುತ್ತಿಗೆ, ಉಳಿ ಹಿಡಿದು ಸೊಂಟದವರೆಗಿನ ನೀರಿಗೆ ಇಳಿಯುತ್ತಿದ್ದ. ಅನೆಮೊನಿಯನ್ನು ಬಂಡೆಯಿಂದ ಕೀಳುತ್ತಿರಲಿಲ್ಲ. ಅದು ಅಂಟಿಕೊಂಡ ಕಲ್ಲಿನ ಚೂರನ್ನೇ ಒಡೆದು ತೆಗೆಯುತ್ತಿದ್ದ. ಪಾಚಿಯನ್ನು ತರುವಾಗಲೂ ಹೀಗೆಯೇ. ಬುಡ ಕಿತ್ತ ಪಾಚಿ ಬದುಕುವುದಿಲ್ಲವೆಂಬುದನ್ನು ಅವನು ಬೇಗನೆ ಕಂಡುಕೊಂಡಿದ್ದ.

ತಂದದ್ದನ್ನು ಮನೆಯಲ್ಲಿ ಬದುಕಿಸುವುದು ಹೇಗೆ? ಈ ಪ್ರಶ್ನೆ ಗಾಸ್‌ಗೆ ಮೊದಲೇ ಹಲವರನ್ನು ಕಾಡಿತ್ತು. ಸಿಸಿಲಿಯ ಮೆಸ್ಸಿನಾ ನಗರದಲ್ಲಿದ್ದ ಜಾನ್ ವಿಲ್‌ಪ್ರೂ ಪವರ್ ಎಂಬ ಫ್ರೆಂಚ್ ಮಹಿಳೆ 1832ರಷ್ಟು ಹಿಂದೆಯೇ ಕಡಲಪ್ರಾಣಿಗಳನ್ನು ಅಭ್ಯಾಸಮಾಡಲು ಗಾಜಿನ ತೊಟ್ಟಿಗಳನ್ನು ಮಾಡಿಸಿದ್ದಳು. ಲಂಡನ್ನಿನಲ್ಲಿ ಆನಾ ಥಿನ್ ಎಂಬಾಕೆ 1846ರಲ್ಲಿ ಹವಳದ ಜಾತಿಯ ಪ್ರಾಣಿಗಳನ್ನು ಮನೆಗೆ ತಂದು ಸಾಕಿದಳು. ನೀರಿಗೆ ಗಾಳಿ ಸೇರಲೆಂದು ಅವಳ ಮನೆಯ ಸೇವಕಿ ದಿನವೂ ತೆರೆದ ಕಿಟಕಿಯ ಬಳಿ ನಿಂತು, ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಹಳ ಹೊತ್ತು ಸುರಿಯಬೇಕಾಗಿತ್ತು. ವಿಜ್ಞಾನದ ಚರಿತ್ರೆಯಲ್ಲಿ ಆ ಸೇವಕಿಯ ತೋಳುಗಳಿಗೂ ಒಂದು ಸ್ಥಾನ ಸಲ್ಲಬೇಕು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ 1850ರಲ್ಲಿ ಇದಕ್ಕಿಂತ ಸರಳವಾದ ಮಾರ್ಗವನ್ನು ಪ್ರಕಟಿಸಿದ. ಎರಡು ಚಿನ್ನದ ಮೀನು, ಒಂದು ನೀರುಗಿಡ, ಕೆಲವು ಬಸವನಹುಳು, ಇಷ್ಟನ್ನು ಒಂದೇ ತೊಟ್ಟಿಯಲ್ಲಿ ಇಟ್ಟ. ಬೆಳಕಿನಲ್ಲಿ ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡಿತು. ಮೀನು ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಗಿಡ ಹೀರಿತು. ಕೊಳೆತ ಎಲೆಯನ್ನು ಬಸವನಹುಳು ತಿಂದಿತು. ನೀರನ್ನು ಬದಲಾಯಿಸುವ ಅಗತ್ಯವೇ ಬೀಳಲಿಲ್ಲ.

ಇದು ಸಿಹಿನೀರಿನ ಮಾತು. ಉಪ್ಪುನೀರಿನಲ್ಲಿಯೂ ಇದು ನಡೆದೀತೆ ಎಂದು ವಾರಿಂಗ್ಟನ್ ಮತ್ತು ಗಾಸ್ ಇಬ್ಬರೂ ಏಕಕಾಲದಲ್ಲಿ, ಬೇರೆ ಬೇರೆ ಕಡೆ, ಪ್ರಯೋಗದಲ್ಲಿ ತೊಡಗಿದ್ದರು. ತತ್ತ್ವ ಗಾಸ್‌ನದಲ್ಲ. ಆದರೆ ತತ್ತ್ವವನ್ನು ಬಳಕೆಗೆ ತರುವಲ್ಲಿ ನೂರೆಂಟು ತೊಡಕುಗಳಿರುತ್ತವೆ. ಅವುಗಳನ್ನು ಒಂದೊಂದಾಗಿ ಎದುರಿಸಿ, ಕಂಡದ್ದನ್ನು ಯಾರಿಗೂ ತಿಳಿಯುವಂತೆ ಬರೆದಿಟ್ಟದ್ದು ಅವನ ಹಿರಿಮೆ.

ಮೊದಲನೆಯ ತೊಡಕು ಪಾಚಿಯದು. ಕಡಲಿನ ಕಂದು ಬಣ್ಣದ ದೊಡ್ಡ ಪಾಚಿಗಳನ್ನು ತೊಟ್ಟಿಗೆ ಹಾಕಿದರೆ ಅವು ಲೋಳೆ ಬಿಟ್ಟು ನೀರನ್ನೇ ಕೆಡಿಸುತ್ತವೆ. ಹಸಿರು ಪಾಚಿ ಮತ್ತು ಕೆಲವು ಬಗೆಯ ಕೆಂಪು ಪಾಚಿಗಳು ಮಾತ್ರ ನಿಲ್ಲುತ್ತವೆ. ಮೊದಲು ಅವನ್ನು ನೆಟ್ಟು, ಕೆಲವು ದಿನ ಬೆಳಕಿನಲ್ಲಿ ಬಿಟ್ಟು, ನೀರಿನಲ್ಲಿ ಆಮ್ಲಜನಕ ತುಂಬಿಕೊಂಡ ಮೇಲೆಯೇ ಪ್ರಾಣಿಗಳನ್ನು ಬಿಡಬೇಕು. ಎರಡನೆಯದು ಬೆಳಕಿನದು. ಬೆಳಕು ಸಾಲದಿದ್ದರೆ ಪಾಚಿ ಸಾಯುತ್ತದೆ. ಹೆಚ್ಚಾದರೆ ಗಾಜಿನ ತುಂಬ ಹಸಿರು ಪೊರೆ ಕಟ್ಟಿ ಒಳಗಿನದು ಏನೂ ಕಾಣದಂತಾಗುತ್ತದೆ. ಈ ಪೊರೆಯನ್ನು ತೆಗೆಯಲು ಗಾಸ್ ನೇಮಿಸಿಕೊಂಡ ಕೂಲಿಯಾಳು ಕಡಲ ಬಸವನಹುಳು. ಅದರ ನಾಲಗೆಯ ಮೇಲೆ ಸಾಲುಸಾಲಾಗಿ ಗರಗಸದಂತಹ ಹಲ್ಲುಗಳಿವೆ. ಅದು ಗಾಜಿನ ಮೇಲೆ ತೆವಳುತ್ತಾ ಪೊರೆಯನ್ನು ಮೇಯುವುದನ್ನು ಭೂತಗನ್ನಡಿ ಹಿಡಿದು ನೋಡಿದ ಗಾಸ್‌ಗೆ ಕುಡುಗೋಲು ಬೀಸುತ್ತಾ ಹುಲ್ಲು ಕೊಯ್ಯುವ ರೈತನ ನೆನಪಾಯಿತಂತೆ.

ಬಿಸಿಲಿಗೆ ನೀರು ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಕಡಲನೀರಿನಿಂದ ತುಂಬಿದರೆ ಉಪ್ಪು ಏರುತ್ತಾ ಹೋಗಿ ಪ್ರಾಣಿಗಳು ಸಾಯುತ್ತವೆ. ಸಿಹಿನೀರನ್ನೇ ತುಂಬಬೇಕು. ಗಾಜಿನ ಮೇಲೆ ಮೊದಲ ದಿನದ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದುಕೊಂಡರೆ ಸಾಕು, ಲೆಕ್ಕ ತಪ್ಪುವುದಿಲ್ಲ. ಜಮಾ ಖರ್ಚುಗಳನ್ನು ಸರಿದೂಗಿಸುವ ವಿದ್ಯೆಯನ್ನು ಗಾಸ್ ಹದಿನೈದನೆಯ ವಯಸ್ಸಿನಿಂದ ಅಭ್ಯಾಸಮಾಡಿದ್ದ. ತೊಟ್ಟಿಯೂ ಅವನಿಗೆ ಒಂದು ಖಾತೆಯೇ ಆಗಿತ್ತು.

1853ರ ಮೇ ತಿಂಗಳಿನಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಮೀನುಮನೆಯೊಂದು ತೆರೆಯಿತು. ಸಾರ್ವಜನಿಕರಿಗಾಗಿ ತೆರೆದ ಮೊತ್ತಮೊದಲ ಜಲಜೀವಾಗಾರ ಅದೇ. ಅಲ್ಲಿನ ತೊಟ್ಟಿಗಳಿಗೆ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಮುಖ್ಯನಾದವನು. ವೇಮತ್ ಎಂಬ ಊರಿನಲ್ಲಿ ದೋಣಿ ಹತ್ತಿ, ಕಡಲ ತಳವನ್ನು ಬಲೆಯಿಂದ ಬಾಚಿ, ಸಿಕ್ಕಿದ್ದನ್ನು ಜಾಡಿಗಳಲ್ಲಿ ತುಂಬಿ ಲಂಡನ್ನಿಗೆ ಕಳುಹಿಸುತ್ತಿದ್ದ. ಜನ ಮುಗಿಬಿದ್ದು ನೋಡಿದರು. ಅಲ್ಲಿಯವರೆಗೆ ಮೀನೆಂದರೆ ತಟ್ಟೆಯ ಮೇಲೆ ಬರುವ ವಸ್ತುವಾಗಿತ್ತು. ನೀರಿನ ಒಳಗೆ ಅದು ಬದುಕುವ ಬಗೆಯನ್ನು ಎದುರಿಗೆ ನಿಂತು ನೋಡುವುದು ಪಟ್ಟಣದವರಿಗೆ ಹೊಸದು.

ಮೃಗಾಲಯದ ತೊಟ್ಟಿಗಳನ್ನು ಕಂಡ ಸಿರಿವಂತರಿಗೆ ಅಂತಹುದೊಂದು ತಮ್ಮ ಹಜಾರದಲ್ಲಿಯೂ ಬೇಕೆನಿಸಿದ್ದು ಸಹಜ. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿದ್ದರಿಂದ ದೊಡ್ಡ ಗಾಜಿನ ಹಲಗೆಗಳು ಕೈಗೆಟುಕುವಂತಾಗಿದ್ದವು. ಆದರೆ ದೊಡ್ಡ ತೊಟ್ಟಿಯ ಕಷ್ಟಗಳು ದೊಡ್ಡವೇ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ತುಂಬಿದ ಕಡಲನೀರು 1000 ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಕಲ್ಲು, ಮರಳು, ತೊಟ್ಟಿಯ ತೂಕ ಬೇರೆ. ಮರದ ತೊಲೆಗಳ ಮೇಲೆ ನಿಂತ ಮಹಡಿಯ ನೆಲ ಇದನ್ನು ಹೊರುವುದು ಕಷ್ಟ. ನೆಲ ಒಂದು ಕಡೆ ಎಳ್ಳಷ್ಟು ಕುಸಿದರೂ ಗಾಜು ಬಿರಿಯುತ್ತದೆ. ನೀರಿನ ಆಳ ಎರಡರಷ್ಟಾದರೆ ಪಕ್ಕದ ಗಾಜಿನ ಮೇಲೆ ಬೀಳುವ ಒಟ್ಟು ಬಲ ನಾಲ್ಕರಷ್ಟಾಗುತ್ತದೆ. ಎತ್ತರದ ತೊಟ್ಟಿಗಿಂತ ತಗ್ಗಾದ, ಅಗಲವಾದ ತೊಟ್ಟಿ ಕ್ಷೇಮ. ಗಾಳಿ ತಾಗುವ ನೀರಿನ ಮೈ ಹೆಚ್ಚುವುದರಿಂದ ಪ್ರಾಣಿಗಳಿಗೂ ಅದೇ ಹಿತ. ಆ ಕಾಲದ ಕುಶಲಕರ್ಮಿಗಳು ತಳಕ್ಕೆ ಸ್ಲೇಟುಕಲ್ಲಿನ ಹಲಗೆಯನ್ನು ಹಾಸಿ, ಗಾಜನ್ನು ಕೂರಿಸಿ, ಸಂದುಗಳನ್ನು ಪುಟ್ಟಿಯಿಂದ ಮುಚ್ಚುತ್ತಿದ್ದರು. ಪುಟ್ಟಿಯಲ್ಲಿ ಸೀಸ ಸೇರಿರುತ್ತಿತ್ತು. ಅದು ನೀರಿಗೆ ಬಿಟ್ಟುಕೊಂಡರೆ ಇಡೀ ತೊಟ್ಟಿಗೆ ವಿಷ. ಹೊಸ ತೊಟ್ಟಿಗೆ ಹಲವು ಬಾರಿ ನೀರು ತುಂಬಿ, ನೆನೆಸಿ, ಚೆಲ್ಲಿ, ಅನಂತರವೇ ಬಳಸಬೇಕಾಗಿತ್ತು.

ದೊಡ್ಡ ತೊಟ್ಟಿಗೆ ಒಂದು ಗುಣವೂ ಉಂಟು. ನೀರು ಹೆಚ್ಚಿದ್ದಷ್ಟೂ ಶಾಖ ಥಟ್ಟನೆ ಏರಿಳಿಯುವುದಿಲ್ಲ. ಆದರೆ ಕಲ್ಲಿನ ಹಿಂದೆ ಒಂದು ಪ್ರಾಣಿ ಸತ್ತರೆ ಅದು ಕಣ್ಣಿಗೆ ಬೀಳುವುದೂ ಇಲ್ಲ. ಸಂಜೆ ಸತ್ತ ಒಂದು ಹುಳುವನ್ನು ಮರೆತರೆ ಬೆಳಗಾಗುವುದರೊಳಗೆ ನೀರು ಮಸುಕಾಗಿ, ದುರ್ವಾಸನೆ ಎದ್ದು, ಉಳಿದವೂ ಒಂದರ ಹಿಂದೊಂದು ಸಾಯತೊಡಗುತ್ತವೆ. ಅದಕ್ಕಾಗಿ ಗಾಸ್ ಪ್ರತಿದಿನವೂ ಪ್ರತಿಯೊಂದು ಪ್ರಾಣಿಯ ಕ್ಷೇಮವನ್ನು ವಿಚಾರಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದ. ಬೇಸಗೆಯಲ್ಲಿ ನೀರಿಗೆ ಉಸಿರು ಸಾಲದಾದಾಗ ಮೇಲಿನಿಂದ ಹನಿಹನಿಯಾಗಿ ನೀರು ಬೀಳುವಂತೆ ಏರ್ಪಾಟು ಮಾಡುತ್ತಿದ್ದ. ಬೀಳುವ ಹನಿ ತನ್ನೊಡನೆ ಗಾಳಿಯನ್ನೂ ಒಯ್ಯುತ್ತದೆ.

ಇನ್ನು ಕಡಲಿನಿಂದ ದೂರ ಇರುವವರ ಗತಿ ಏನು? ಲಂಡನ್ನಿಗೆ ಹಡಗುಗಳಲ್ಲಿ ಪೀಪಾಯಿ ತುಂಬಿ ಕಡಲನೀರನ್ನು ತರಿಸಬಹುದಾಗಿತ್ತು. ಆದರೆ ಓಕ್ ಮರದ ಪೀಪಾಯಿಯಾದರೆ ಅದರ ಒಗರು ಇಳಿದು ನೀರು ಕೆಡುತ್ತಿತ್ತು. 1854ರಲ್ಲಿ ಗಾಸ್ ಇದಕ್ಕೆ ಉಪಾಯ ಹೂಡಿದ. ರಸಾಯನಶಾಸ್ತ್ರಜ್ಞರು ಕಡಲನೀರನ್ನು ವಿಶ್ಲೇಷಿಸಿ ಕೊಟ್ಟ ಅಂಕಿಗಳನ್ನು ಎದುರಿಗೆ ಇಟ್ಟುಕೊಂಡು ಅಡುಗೆಯ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಈ ನಾಲ್ಕನ್ನು ತೂಗಿ ನೀರಿನಲ್ಲಿ ಕರಗಿಸಿದ. ಮೊದಲು ಪಾಚಿಯನ್ನು ಬಿಟ್ಟ. ಅದು ಚಿಗುರಿತು. ಅನಂತರ ಪ್ರಾಣಿಗಳನ್ನು ಬಿಟ್ಟ. ಅವು ಬದುಕಿದವು. ಕಡಲನ್ನೇ ಕಾಣದ ಊರಿನಲ್ಲಿಯೂ ಕಡಲಿನ ಜೀವಿಗಳನ್ನು ಸಾಕಬಹುದೆಂದಾಯಿತು. ಉಪ್ಪಿನ ಪುಡಿಯನ್ನು ಕೊಂಡು ಮನೆಯಲ್ಲಿ ಕಡಲನೀರನ್ನು ಕಲಸಿಕೊಳ್ಳುವ ಇಂದಿನ ಹವ್ಯಾಸಿಗಳು ನಡೆಯುತ್ತಿರುವುದು ಆ ದಾರಿಯಲ್ಲೇ.

ಒಂದು ಸಂಗತಿ ಮಾತ್ರ ಗಾಸ್‌ಗೆ ತಿಳಿದಿರಲಿಲ್ಲ. ಪ್ರಾಣಿಗಳ ಮಲಮೂತ್ರದಿಂದ ಹುಟ್ಟುವ ಅಮೋನಿಯ ನೀರಿನಲ್ಲಿ ವಿಷವಾಗುತ್ತದೆ. ಅದನ್ನು ಹಂತಹಂತವಾಗಿ ನಿರಪಾಯಕರ ವಸ್ತುವಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಕಲ್ಲು ಮರಳುಗಳ ಮೇಲೆ ನೆಲಸಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ಬೆಳೆಯಲು ವಾರಗಳೇ ಬೇಕು. ಆ ಬ್ಯಾಕ್ಟೀರಿಯಗಳನ್ನು ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಬೇರ್ಪಡಿಸಿ ತೋರಿಸಿದ್ದು 1890ರಲ್ಲಿ, ಗಾಸ್ ತೀರಿಕೊಂಡು ಎರಡು ವರ್ಷಗಳಾದ ಮೇಲೆ. ಹಳೆಯ ನೀರು ಹೊಸ ನೀರಿಗಿಂತ ಮೇಲು ಎಂಬುದನ್ನು ಅಂದಿನ ಸಾಕಣೆಗಾರರು ಅನುಭವದಿಂದ ಬಲ್ಲವರಾಗಿದ್ದರು, ಕಾರಣವನ್ನು ಬಲ್ಲವರಾಗಿರಲಿಲ್ಲ.

ಅದೇ 1854ರಲ್ಲಿ ಗಾಸ್‌ನ ಪ್ರಸಿದ್ಧ ಗ್ರಂಥ ‘ದಿ ಅಕ್ವೇರಿಯಂ’ ಹೊರಬಂದಿತು. ಅದರ ಬಣ್ಣದ ಚಿತ್ರಗಳನ್ನು ಅವನೇ ಬರೆದಿದ್ದ. ಪುಸ್ತಕ ಬಿಸಿ ದೋಸೆಯಂತೆ ಮಾರಾಟವಾಯಿತು. ಬದುಕಿನಲ್ಲಿ ಮೊದಲ ಬಾರಿಗೆ ಅವನ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಚಾರ್ಲ್ಸ್ ಕಿಂಗ್ಸ್‌ಲಿಯಂತಹ ಜನಪ್ರಿಯ ಲೇಖಕನೂ ಕಡಲ ತೀರದ ಸೊಬಗನ್ನು ಕುರಿತು ಪುಸ್ತಕ ಬರೆದ. ಇಂಗ್ಲೆಂಡಿಗೆ ಅಕ್ವೇರಿಯಂ ಹುಚ್ಚು ಹಿಡಿಯಿತು. ಅಂಗಡಿಗಳಲ್ಲಿ ತೊಟ್ಟಿಗಳೂ ಜೀವಂತ ಅನೆಮೊನಿಗಳೂ ಮಾರಾಟಕ್ಕೆ ಬಂದವು. ಬೇಸಗೆ ಬಂತೆಂದರೆ ರೈಲು ತುಂಬ ಜನ ಬುಟ್ಟಿ, ಜಾಡಿ, ಸುತ್ತಿಗೆ ಹಿಡಿದು ಕಡಲ ತೀರಕ್ಕೆ ಬಂದಿಳಿಯುತ್ತಿದ್ದರು. ಗಾಸ್‌ನ ಪುಸ್ತಕ ಅವರಿಗೆ ದಾರಿ ತೋರಿಸಿತು. ಅವನ ತಾಳ್ಮೆಯನ್ನು ಕೊಡುವುದು ಮಾತ್ರ ಯಾವ ಪುಸ್ತಕದಿಂದಲೂ ಆಗದ ಕೆಲಸ. ಕೊಂಡೊಯ್ದ ಜೀವಿಗಳಲ್ಲಿ ಬಹುಪಾಲು ವಾರದೊಳಗೆ ಸತ್ತು, ತೊಟ್ಟಿ ನಾರಿ, ನೀರು ಚರಂಡಿ ಸೇರಿತು.

ಗಾಸ್‌ನ ಸ್ವಂತ ಬದುಕಿನಲ್ಲಿಯೂ ಕತ್ತಲೆ ಕವಿಯಿತು. 1856ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತ್ತು. ಮರುವರ್ಷದ ಫೆಬ್ರವರಿಯಲ್ಲಿ ಎಮಿಲಿ ಅರ್ಬುದ ರೋಗದಿಂದ ನರಳಿ ತೀರಿಕೊಂಡಳು. ದೈವಭಕ್ತನಾದ ಗಾಸ್ ಬೈಬಲಿನ ಸೃಷ್ಟಿಕಥೆಯನ್ನೂ ಭೂವಿಜ್ಞಾನವನ್ನೂ ಹೊಂದಿಸಲು ಹೊರಟು ಅದೇ ವರ್ಷ ಪ್ರಕಟಿಸಿದ ‘ಆಂಫಲಾಸ್’ ಗ್ರಂಥವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಧರ್ಮನಿಷ್ಠರೂ ಒಪ್ಪಲಿಲ್ಲ. ಎಂಟು ವರ್ಷದ ಮಗನನ್ನು ಕರೆದುಕೊಂಡು ಅವನು ಡೆವನ್ನಿನ ಸೇಂಟ್ ಮೇರಿಚರ್ಚ್ ಎಂಬ ಹಳ್ಳಿಗೆ ಬಂದು ನೆಲಸಿದ. ಅಲ್ಲಿ ತಂದೆಮಕ್ಕಳಿಬ್ಬರೂ ಇಳಿತದ ವೇಳೆಯನ್ನು ಕಾದು ಬಂಡೆಗಳ ನಡುವೆ ಅಲೆಯುತ್ತಿದ್ದರು. 1859ರ ಬೇಸಗೆಯಲ್ಲಿ ಹುಡುಗನಿಗೆ ಅದುವರೆಗೆ ಯಾರೂ ಗುರುತಿಸದ ಒಂದು ಅನೆಮೊನಿ ಸಿಕ್ಕಿತು. ಆಗ ಅವನಿಗೆ ಒಂಬತ್ತು ವರ್ಷ. ಬ್ರಿಟನ್ನಿನ ಅನೆಮೊನಿ ಹವಳಗಳನ್ನು ಕುರಿತು ಗಾಸ್ ಆಗ ಬರೆಯುತ್ತಿದ್ದ ಮಹಾಗ್ರಂಥದಲ್ಲಿ ಅದಕ್ಕೂ ಸ್ಥಾನ ದೊರೆಯಿತು. 1860ರಲ್ಲಿ ಪೂರ್ಣಗೊಂಡ ಆ ಗ್ರಂಥಕ್ಕೆ ಆಧಾರ ಅವನ ಮನೆಯ ತೊಟ್ಟಿಗಳು. ತಿಂಗಳುಗಟ್ಟಲೆ ಕಣ್ಣೆದುರಿಗೆ ಬದುಕಿದ ಜೀವಿಗಳನ್ನು ಕಂಡವನ ಬರವಣಿಗೆಗೂ, ಮದ್ಯಸಾರದಲ್ಲಿ ಮುದುಡಿ ಬಣ್ಣಗೆಟ್ಟ ಹೆಣಗಳನ್ನು ಕಂಡವರ ಬರವಣಿಗೆಗೂ ಅಜಗಜಾಂತರ.

ಆದರೆ ತೀರ ಮೊದಲಿನಂತಿರಲಿಲ್ಲ. ತಲೆಮಾರುಗಳಿಂದ ಯಾರ ಕೈಯೂ ತಾಗದೆ ಇದ್ದ ಬಂಡೆಯ ಕೊಳಗಳನ್ನು ಹವ್ಯಾಸಿಗಳೂ ವ್ಯಾಪಾರಿಗಳೂ ಕೆಲವೇ ವರ್ಷಗಳಲ್ಲಿ ಸೂರೆಗೊಂಡರು. ಬರಿಯ ಕಲ್ಲು ಉಳಿಯಿತು. ಜನರನ್ನು ಅಲ್ಲಿಗೆ ಕರೆತಂದದ್ದು ತನ್ನದೇ ಪುಸ್ತಕಗಳೆಂಬುದು ಗಾಸ್‌ಗೆ ತಿಳಿಯದೆ ಹೋಗಲಿಲ್ಲ. ಅದರಿಂದ ಅವನು ಬಹಳ ನೊಂದನೆಂದು ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ‘ಫಾದರ್ ಅಂಡ್ ಸನ್’ ಎಂಬ ಆತ್ಮಕಥನದಲ್ಲಿ ಬರೆದಿದ್ದಾನೆ. ಸಾಹಿತಿಯಾದ ಮಗನ ಮಾತಿನಲ್ಲಿ ತುಸು ಅತಿಶಯೋಕ್ತಿ ಇದ್ದರೂ ಇರಬಹುದು. ತಂದೆಯ ನೋವನ್ನು ಸುಳ್ಳೆನ್ನಲು ಕಾರಣವಿಲ್ಲ. ಪ್ರತಿಯೊಂದು ಜೀವಿಯೂ ದೇವರ ಕೈಬರಹವೆಂದು ನಂಬಿದ್ದವನು ಅವನು.

1860ರ ದಶಕದ ಕೊನೆಯ ವೇಳೆಗೆ ಮನೆಮನೆಯ ತೊಟ್ಟಿಗಳ ಹುಚ್ಚು ಇಳಿಯಿತು. ಮೃಗಾಲಯಗಳ ಮತ್ತು ನಗರಗಳ ದೊಡ್ಡ ಜಲಜೀವಾಗಾರಗಳು ಬೇರೆ ಹಾದಿ ಹಿಡಿದವು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ವಿಲಿಯಂ ಆಲ್‌ಫರ್ಡ್ ಲಾಯ್ಡ್ ನಿರ್ಮಿಸಿದ ಜಲಜೀವಾಗಾರದಲ್ಲಿ ನೋಟದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಒಂದು ಕತ್ತಲೆಯ ತೊಟ್ಟಿ ಕೆಳಗಿತ್ತು. ಉಗಿಯಂತ್ರ ನೀರನ್ನು ಹಗಲಿರುಳು ಮೇಲೆ ಕೆಳಗೆ ತಿರುಗಿಸುತ್ತಿತ್ತು. ಆನಾ ಥಿನ್ನಳ ಸೇವಕಿ ತೋಳಿನಿಂದ ಮಾಡುತ್ತಿದ್ದ ಕೆಲಸ ಯಂತ್ರದ ಪಾಲಿಗೆ ಬಂದಿತ್ತು.

ಗಾಸ್ 1860ರಲ್ಲಿ ಎಲಿಜಾ ಬ್ರೈಟ್‌ವೆನ್ ಎಂಬಾಕೆಯನ್ನು ಮದುವೆಯಾಗಿ ನೆಮ್ಮದಿಯ ಬಾಳು ಕಂಡ. ಆರ್ಕಿಡ್ ಗಿಡಗಳನ್ನು ಬೆಳೆಸಿದ. ಒಂದು ಹನಿ ನೀರಿನಲ್ಲಿ ನೂರಾರು ಸಂಖ್ಯೆಯಲ್ಲಿರಬಲ್ಲ ರೋಟಿಫರ್ ಎಂಬ ಸೂಕ್ಷ್ಮಜೀವಿಗಳ ಬೆನ್ನುಹತ್ತಿ, ಹಡ್ಸನ್ ಎಂಬ ವಿಜ್ಞಾನಿಯೊಡನೆ ಕೂಡಿ 1886ರಲ್ಲಿ ಅವುಗಳನ್ನು ಕುರಿತು ದೊಡ್ಡ ಗ್ರಂಥವನ್ನು ಹೊರತಂದ. ಕೊನೆಯ ದಿನಗಳಲ್ಲಿ ಅವನ ಗಮನ ನಕ್ಷತ್ರಗಳ ಕಡೆಗೆ ಹರಿಯಿತು. ಎಪ್ಪತ್ತೇಳರ ಮುದುಕ ಚಳಿಗಾಲದ ರಾತ್ರಿ ಕಿಟಕಿ ತೆರೆದು ದೂರದರ್ಶಕದ ಮುಂದೆ ಕುಳಿತು ಶೀತ ಹತ್ತಿಸಿಕೊಂಡ. ಆ ಕಾಯಿಲೆಯಿಂದ ಅವನು ಪೂರ್ತಿಯಾಗಿ ಚೇತರಿಸಿಕೊಳ್ಳಲಿಲ್ಲ. 1888ರ ಆಗಸ್ಟ್ 23ರಂದು ಸೇಂಟ್ ಮೇರಿಚರ್ಚಿನ ಆ ಮನೆಯಲ್ಲಿಯೇ ಕಣ್ಣುಮುಚ್ಚಿದ.